ಹೊರಡುವಾಗ ಗಾಲಿಯನ್ನು ಬಿಡದ ಬ್ರೇಕು: ದೋಷವನ್ನು ಕಂಡುಹಿಡಿಯುವ ಕ್ರಮ

ಎತ್ತು ಕುಂಟಿದರೆ ರೈತನು ಗಾಡಿಯನ್ನು ನಿಲ್ಲಿಸಿ ಅದರ ಕಾಲನ್ನು ಎತ್ತಿ ನೋಡುವನು. ಗೊರಸಿನಲ್ಲಿ ಮುಳ್ಳಿದೆಯೋ, ಲಾಳವು ಸಡಿಲವಾಗಿದೆಯೋ, ಕೀಲು ಊದಿದೆಯೋ ಎಂಬುದನ್ನು ತಿಳಿಯದೆ ಚಾಟಿಯನ್ನು ಬೀಸುವವನನ್ನು ಊರಿನವರು ಒಳ್ಳೆಯ ಬೇಸಾಯಗಾರನೆಂದು ಹೇಳುವುದಿಲ್ಲ. ಆದರೆ ಅದೇ ರೈತನ ಮನೆಯಲ್ಲಿ ಈಗ ಎತ್ತಿನ ಗಾಡಿಯ ಸ್ಥಳದಲ್ಲಿ ನಿಂತಿರುವ ಕಾರಾಗಲಿ ಪಿಕಪ್ ಗಾಡಿಯಾಗಲಿ ಬೆಳಗ್ಗೆ ಹೊರಡಲು ಮೊಂಡು ಹಿಡಿದರೆ, ಎಂಜಿನ್ನನ್ನು ಗರ್ಜಿಸುವಂತೆ ಮಾಡಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟು, ಬಲಾತ್ಕಾರದಿಂದ ಎಳೆಸುವುದೇ ವಾಡಿಕೆಯಾಗಿದೆ. ಗಾಡಿಯು ಒಂದು ಕ್ಷಣ ಹಿಂಭಾಗವನ್ನು ಕುಗ್ಗಿಸಿ, 'ಟಕ್' ಎಂಬ ಶಬ್ದಮಾಡಿ, ಹಾರಿದಂತೆ ಮುಂದಕ್ಕೆ ಹೋಗುವುದು. ಹೋಯಿತಲ್ಲಾ ಎಂದು ಎಲ್ಲರೂ ಅದನ್ನು ಮರೆತುಬಿಡುವರು.

ಹೀಗೆ ಮರೆಯುವುದರಿಂದ ಆಗುವ ನಷ್ಟವು ಎರಡು ತೆರನಾದುದು. ಗಾಲಿಯನ್ನು ಸದಾ ಸ್ವಲ್ಪ ಹಿಡಿದುಕೊಂಡೇ ಇರುವ ಬ್ರೇಕು ಇಂಧನವನ್ನೂ ಟೈರನ್ನೂ ಲೈನರನ್ನೂ ತಿನ್ನುವುದು. ಇದು ಹಣದ ಮಾತು. ಎರಡನೆಯದು ಪ್ರಾಣದ ಮಾತು. ಹೊರಡುವಾಗ ಬಿಡಲೊಲ್ಲದ ಬ್ರೇಕೇ ಅನೇಕ ವೇಳೆ ಇಳಿಜಾರಿನಲ್ಲಿ ಹಿಡಿಯಲೊಲ್ಲದ ಬ್ರೇಕಾಗುವುದು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಬ್ರೇಕಿನ ರಚನೆಯನ್ನು ಸ್ವಲ್ಪಮಟ್ಟಿಗೆ ಅರಿತಿರುವುದು ಅವಶ್ಯಕ.

ಪೆಡಲನ್ನು ಕಾಲಿನಿಂದ ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನು ಮುಂದಕ್ಕೆ ಸರಿದು, ಅಲ್ಲಿ ತುಂಬಿರುವ ದ್ರವವನ್ನು ಸಣ್ಣ ಉಕ್ಕಿನ ಕೊಳವೆಗಳ ಮೂಲಕ ಗಾಲಿಗಳ ಕಡೆಗೆ ಒತ್ತುವುದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬುದನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪ್ಯಾಸ್ಕಲ್ ಎಂಬ ವಿದ್ವಾಂಸನು ನಿರೂಪಿಸಿದನು. ಈ ತತ್ತ್ವವನ್ನು ಅವಲಂಬಿಸಿ ೧೯೨೧ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಗಾಲಿಗಳಿಗೂ ದ್ರವದ ಬ್ರೇಕುಗಳನ್ನು ಜೋಡಿಸಿದರು. ಫೋರ್ಡ್ ಕಾರುಗಳಿಗೆ ಅವು ಬಂದದ್ದು ೧೯೩೯ರಲ್ಲಿ. ಈಗಿನ ಕಾರುಗಳಲ್ಲಿಯೂ ಮೂಲ ತತ್ತ್ವವು ಅದೇ. ಸಾಮಾನ್ಯವಾಗಿ ಮುಂದಿನ ಗಾಲಿಗಳಲ್ಲಿ ಡಿಸ್ಕನ್ನು ಎರಡು ಕಡೆಯಿಂದಲೂ ಹಿಂಡುವ ಕ್ಯಾಲಿಪರುಗಳೂ, ಹಿಂದಿನ ಗಾಲಿಗಳಲ್ಲಿ ಡ್ರಮ್ಮಿನ ಒಳಮೈಯನ್ನು ಒತ್ತುವ ಶೂಗಳೂ ಇರುವುವು. ಕೈಬ್ರೇಕು ಮಾತ್ರ ದ್ರವವನ್ನು ಬಳಸದೆ, ಉಕ್ಕಿನ ತಂತಿಯ ಮೂಲಕ ಹಿಂದಿನ ಶೂಗಳನ್ನು ಎಳೆಯುವುದು.

ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಬ್ರೇಕನ್ನು ಹಿಡಿಸುವ ಬಲವು ಬಹು ದೊಡ್ಡದು. ಮನುಷ್ಯನ ಕಾಲಿನ ತೂಕಕ್ಕೆ ಬೂಸ್ಟರಿನ ಸಹಾಯವೂ ಸೇರುವುದು. ಬಿಡಿಸುವ ಬಲವಾದರೋ ಬಹು ಅಲ್ಪವಾದುದು. ಡ್ರಮ್ಮಿನೊಳಗೆ ಶೂಗಳನ್ನು ಹಿಂದಕ್ಕೆ ಎಳೆಯುವುದು ಒಂದೆರಡು ಸ್ಪ್ರಿಂಗುಗಳು ಮಾತ್ರ. ಡಿಸ್ಕಿನ ಬ್ರೇಕಿನಲ್ಲಿ ಆ ಸ್ಪ್ರಿಂಗು ಕೂಡ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ರಬ್ಬರಿನ ಬಳೆಯು ಒತ್ತುವಾಗ ಸ್ವಲ್ಪ ಹೊರಳಿ, ಕಾಲು ತೆಗೆದಾಗ ಮೊದಲಿನ ಆಕಾರಕ್ಕೆ ಬರುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುವುದು. ಮಾಸ್ಟರ್ ಸಿಲಿಂಡರಿನಲ್ಲಿ, ಕಾಲನ್ನು ತೆಗೆದಮೇಲೆ ಹೆಚ್ಚಾದ ದ್ರವವು ಮೇಲಿನ ಡಬ್ಬಿಗೆ ಹಿಂದಿರುಗಲು ಬಹು ಕಿರಿದಾದ ಒಂದು ರಂಧ್ರವುಂಟು. ಹೀಗಿರುವುದರಿಂದ, ಒಂದಿಷ್ಟು ತುಕ್ಕು, ಒಂದಿಷ್ಟು ಮಣ್ಣು, ಉಬ್ಬಿದ ರಬ್ಬರಿನ ಒಂದು ಚೂರು ಹಿಡಿಸುವ ಬಲವನ್ನು ತಡೆಯಲಾರದಿದ್ದರೂ ಬಿಡಿಸುವ ಬಲವನ್ನು ಸುಲಭವಾಗಿ ತಡೆದುಬಿಡುವುದು. ಕಚ್ಚಿಕೊಂಡ ಬ್ರೇಕೆಂದರೆ ಹಿಂದಿರುಗಲಾರದ ಬ್ರೇಕು. ಯಾವ ಭಾಗವು ಹಿಂದಿರುಗುತ್ತಿಲ್ಲವೆಂಬುದನ್ನು ಕಂಡುಹಿಡಿಯುವುದೇ ಪರೀಕ್ಷೆಯ ಉದ್ದೇಶ.

ಪರೀಕ್ಷೆಯು ಸ್ಪ್ಯಾನರಿನಿಂದ ಆರಂಭವಾಗುವುದಿಲ್ಲ; ಪ್ರಶ್ನೆಯಿಂದ ಆರಂಭವಾಗುವುದು. ಗಾಡಿಯು ಬೆಳಗ್ಗೆ ಮೊದಲ ಸಲ ಹೊರಡುವಾಗ ಮಾತ್ರ ಹಿಡಿಯುವುದೋ? ದಾರಿಯಲ್ಲಿ ನಿಂತು ಹೊರಡುವಾಗಲೆಲ್ಲ ಹಿಡಿಯುವುದೋ? ಅಥವಾ ಮೊದಲು ಸರಿಯಾಗಿದ್ದು, ಓಡಿದಷ್ಟೂ ಹೆಚ್ಚು ಹಿಡಿಯುತ್ತಾ ಬರುವುದೋ? ಈ ಮೂರರ ಉತ್ತರವನ್ನು ಚಾಲಕನು ನಿಶ್ಚಯವಾಗಿ ಹೇಳಬಲ್ಲವನಾದರೆ ಅರ್ಧ ಕೆಲಸವು ಮುಗಿದಂತೆಯೇ.

ಬೆಳಗ್ಗೆ ಮಾತ್ರ ಹಿಡಿದು, ಒಂದು ಶಬ್ದದೊಡನೆ ಬಿಟ್ಟು, ಆ ದಿನವೆಲ್ಲ ಚೆನ್ನಾಗಿ ಓಡುವ ಗಾಡಿಯಲ್ಲಿ ದೋಷವು ಬಹುಮಟ್ಟಿಗೆ ತುಕ್ಕಿನದು. ಡ್ರಮ್ಮೂ ಡಿಸ್ಕೂ ಎರಕದ ಕಬ್ಬಿಣದಿಂದ ಮಾಡಿದವು. ಒಳಮೈಗೆ ಬಣ್ಣವಾಗಲಿ ಎಣ್ಣೆಯಾಗಲಿ ಹಚ್ಚುವಂತಿಲ್ಲ. ಸಂಜೆ ಗಾಡಿಯನ್ನು ತೊಳೆದು, ಅಥವಾ ಮಳೆಯಲ್ಲಿ ಮನೆಗೆ ತಂದು, ಕೈಬ್ರೇಕನ್ನು ಬಲವಾಗಿ ಎಳೆದು ನಿಲ್ಲಿಸಿದರೆ ಒದ್ದೆಯಾದ ಶೂ ಒದ್ದೆಯಾದ ಡ್ರಮ್ಮಿಗೆ ಅಂಟಿಕೊಂಡೇ ರಾತ್ರಿಯನ್ನು ಕಳೆಯುವುದು. ಬೆಳಗಾಗುವ ಹೊತ್ತಿಗೆ ಎರಡರ ನಡುವೆ ತುಕ್ಕು ಬೆಳೆದು ಸರೇಸಿನಂತೆ ಬಂಧಿಸುವುದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನಿನಿಂದ ಸೆಪ್ಟೆಂಬರಿನವರೆಗೆ ಇದು ಅತಿ ಸಾಮಾನ್ಯವಾದ ದೂರು.

ಬೇಸಾಯಗಾರನ ಗಾಡಿಗೆ ಪೇಟೆಯ ಗಾಡಿಗಿಲ್ಲದ ಇನ್ನೊಂದು ಶತ್ರುವುಂಟು. ಪೊಟ್ಯಾಷ್ ಗೊಬ್ಬರವೆಂದು ಮಾರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡು. ಅಡಿಗೆಯ ಉಪ್ಪಿನ ಹತ್ತಿರದ ಬಂಧು. ಹರಿದ ಚೀಲದಿಂದ ಉದುರಿದ ಗೊಬ್ಬರವು ಗಾಳಿಯ ತೇವವನ್ನು ಹೀರಿ ನೀರಾಗಿ, ಹಲಗೆಗಳ ಸಂದಿನಿಂದ ಗಾಲಿಗಳ ಮೇಲೆ ಸೋರುವುದು. ಉಪ್ಪುನೀರು ಬಿದ್ದ ಕಬ್ಬಿಣವು ಎಷ್ಟು ಬೇಗ ತುಕ್ಕು ಹಿಡಿಯುವುದೆಂಬುದನ್ನು ಹೇಳಬೇಕಾಗಿಲ್ಲ. ಕೊಟ್ಟಿಗೆ ಗೊಬ್ಬರದ ರಸವೂ ಇದಕ್ಕೆ ಕಡಿಮೆಯಲ್ಲ. ಆದಕಾರಣ ಗೊಬ್ಬರವನ್ನು ಸಾಗಿಸಿದ ದಿನ ಹಲಗೆಗಳನ್ನು ಮೊದಲು ಒಣ ಪೊರಕೆಯಿಂದ ಗುಡಿಸಿ, ಅನಂತರ ಗಾಡಿಯ ಅಡಿಭಾಗವನ್ನೂ ಗಾಲಿಗಳನ್ನೂ ನೀರಿನಿಂದ ತೊಳೆಯತಕ್ಕದ್ದು. ತೊಳೆದಮೇಲೆ ನೆಟ್ಟಗೆ ಕೊಟ್ಟಿಗೆಗೆ ತಂದು ನಿಲ್ಲಿಸದೆ, ಒಂದೆರಡು ಫರ್ಲಾಂಗು ಓಡಿಸಿ, ಪೆಡಲನ್ನು ಹಗುರವಾಗಿ ಹಲವು ಸಲ ಒತ್ತಿ, ಆ ಕಾವಿನಿಂದ ಬ್ರೇಕುಗಳನ್ನು ಒಣಗಿಸಬೇಕು. ಸಮನೆಲದಲ್ಲಿ ರಾತ್ರಿ ನಿಲ್ಲಿಸುವಾಗ ಕೈಬ್ರೇಕನ್ನು ಎಳೆಯದೆ, ಗೇರಿನಲ್ಲಿ ಬಿಟ್ಟು, ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡುವುದು ಮಳೆಗಾಲದಲ್ಲಿ ಉತ್ತಮವಾದ ಪದ್ಧತಿ. ಇಳಿಜಾರಿನಲ್ಲಿ ಮಾತ್ರ ಈ ಸ್ವಾತಂತ್ರ್ಯವನ್ನು ತೆಗೆದುಕೊಳ್ಳಕೂಡದು.

ಅಂಟಿಕೊಂಡ ಶೂವನ್ನು ಬಿಡಿಸುವ ರೀತಿಯೂ ಮುಖ್ಯವಾದುದು. ಅಡಿಕೆ ತೋಟದ ಮನೆಯೊಂದರಲ್ಲಿ ಹತ್ತು ದಿನ ಮಳೆಯಲ್ಲಿ ನಿಂತ ಪಿಕಪ್ಪನ್ನು ವಾಚಕರು ಊಹಿಸಿಕೊಳ್ಳಲಿ. ಹೊರೆ ಹೇರಿದ್ದಾಗಿದೆ, ಹೊತ್ತಾಗಿದೆ, ಗಾಡಿಯು ಕದಲುವುದಿಲ್ಲ. ಚಾಲಕನು ಪೂರ್ಣ ಬಲವನ್ನು ಕೊಟ್ಟು ಕ್ಲಚ್ಚನ್ನು ಬಿಡುತ್ತಾನೆ. ಈಗಿನ ಲೈನರುಗಳು ಬಹುಮಟ್ಟಿಗೆ ಶೂವಿಗೆ ಅಂಟಿನಿಂದ ಕೂಡಿಸಿದವು. ಶೂವಿನ ಹಿಡಿತಕ್ಕಿಂತ ತುಕ್ಕಿನ ಹಿಡಿತವು ಹೆಚ್ಚಾಗಿದ್ದರೆ, ಡ್ರಮ್ಮು ಶೂವನ್ನು ಬಿಡುವುದಕ್ಕೆ ಬದಲಾಗಿ ಲೈನರೇ ಶೂವಿನಿಂದ ಕಿತ್ತು ಬರುವುದು. ಗಾಡಿಯು ಹೊರಟಿತು, ಎಲ್ಲರಿಗೂ ಸಂತೋಷ. ಆದರೆ ಮೂಡಿಗೆರೆಯ ಕಡೆಯಿಂದ ಚಾರ್ಮಾಡಿ ಘಟ್ಟವನ್ನು ಇಳಿಯುವಾಗ ಆ ಗಾಲಿಯಲ್ಲಿ ಡ್ರಮ್ಮನ್ನು ಹಿಡಿಯುವುದಕ್ಕೆ ಬರಿಯ ಕಬ್ಬಿಣವುಂಟೇ ಹೊರತು ಲೈನರಿಲ್ಲ. ಇಲ್ಲವೇ ಸಡಿಲವಾದ ಲೈನರಿನ ತುಂಡು ಬೆಣೆಯಂತೆ ಸಿಕ್ಕಿಕೊಂಡು ಗಾಲಿಯು ತಿರುವಿನಲ್ಲಿ ಒಮ್ಮೆಲೇ ನಿಲ್ಲುವುದು. ಬೆಳಗ್ಗೆ ಕೇಳಿದ 'ಟಕ್' ಎಂಬ ಶಬ್ದದ ಅರ್ಥವು ಆಗ ತಿಳಿಯುವುದು.

ಬಿಡಿಸುವ ಸರಿಯಾದ ಕ್ರಮವೆಂದರೆ, ಹೊರೆಯನ್ನು ಹೇರುವುದಕ್ಕೆ ಮುಂಚೆ, ಕೈಬ್ರೇಕು ಪೂರ್ತಿ ಇಳಿದಿದೆಯೆಂಬುದನ್ನು ನೋಡಿಕೊಂಡು, ಗಾಡಿಯನ್ನು ರಿವರ್ಸ್ ಗೇರಿನಲ್ಲಿ ಹಗುರವಾಗಿ ಹಿಂದಕ್ಕೂ, ಅನಂತರ ಮುಂದಕ್ಕೂ ಅಲುಗಿಸುವುದು. ಬಿಡದಿದ್ದರೆ ಗಾಲಿಗಳಿಗೆ ಕಲ್ಲು ಕೊಟ್ಟು, ಅಂಟಿದ ಗಾಲಿಯನ್ನು ಕಳಚಿ, ಡ್ರಮ್ಮಿನ ಹೊರಮೈಯನ್ನು ಸುತ್ತಲೂ ಮರದ ಕೊಡತಿಯಿಂದ ತಟ್ಟಿದರೆ ತುಕ್ಕಿನ ಬಂಧವು ಬಿಡುವುದು. ಬಿಟ್ಟಮೇಲೆ ಗಾಲಿಯಲ್ಲಿ ಕರಕರ ಸದ್ದು ಉಳಿದರೆ, ಡ್ರಮ್ಮನ್ನು ತೆಗೆದು ಲೈನರನ್ನು ಕಣ್ಣಾರೆ ನೋಡದೆ ಪ್ರಯಾಣವನ್ನು ಮುಂದುವರಿಸಕೂಡದು.

ಇನ್ನು ನಿಂತು ಹೊರಡುವಾಗಲೆಲ್ಲ ಹಿಡಿಯುವ ಗಾಡಿಯ ವಿಷಯ. ಇಲ್ಲಿ ಮೊದಲು ತಿಳಿಯಬೇಕಾದುದು ಯಾವ ಗಾಲಿಯೆಂಬುದು. ಮೂರು ನಾಲ್ಕು ಮೈಲಿ, ಸಾಧ್ಯವಾದಷ್ಟು ಬ್ರೇಕನ್ನು ಒತ್ತದೆ ಓಡಿಸಿ, ತಾನಾಗಿಯೇ ನಿಧಾನವಾಗುವಂತೆ ಬಿಟ್ಟು ನಿಲ್ಲಿಸಿ, ಪ್ರತಿಯೊಂದು ಗಾಲಿಯ ನಡುಭಾಗಕ್ಕೆ ಅಂಗೈಯನ್ನು ಹತ್ತಿರ ಹಿಡಿದು ನೋಡಬೇಕು. ಮುಟ್ಟಕೂಡದು; ಕಚ್ಚಿಕೊಂಡ ಬ್ರೇಕಿನ ಕಬ್ಬಿಣವು ಚರ್ಮವನ್ನು ಸುಡುವಷ್ಟು ಕಾದಿರುವುದು. ಎಡ ಬಲಗಳನ್ನು ಹೋಲಿಸಬೇಕೇ ಹೊರತು ಮುಂದು ಹಿಂದುಗಳನ್ನು ಹೋಲಿಸಬಾರದು, ಏಕೆಂದರೆ ಮುಂದಿನವು ಸ್ವಭಾವವಾಗಿಯೇ ಹೆಚ್ಚು ಕಾಯುವುವು. ಮೂಗಿಗೂ ಕೆಲಸವುಂಟು: ಸುಟ್ಟ ಲೈನರಿನ ವಾಸನೆಯನ್ನು ಒಮ್ಮೆ ಅರಿತವನು ಮರೆಯನು. ಅನಂತರ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಒಂದೊಂದೇ ಗಾಲಿಯನ್ನು ಜಾಕಿಯಿಂದ ಎತ್ತಿ, ಗೇರಿಲ್ಲದೆ, ಕೈಬ್ರೇಕಿಲ್ಲದೆ ಕೈಯಿಂದ ತಿರುಗಿಸಿ ನೋಡಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತೂರುವುದು ಆತ್ಮಹತ್ಯೆಗೆ ಸಮಾನವಾದುದು.

ಹಿಂದಿನ ಎರಡು ಗಾಲಿಗಳು, ಅಥವಾ ಅವುಗಳಲ್ಲಿ ಒಂದು ಮಾತ್ರ ಬಿಗಿಯಾಗಿದ್ದರೆ ಕೈಬ್ರೇಕಿನ ತಂತಿಯನ್ನು ಮೊದಲು ಸಂಶಯಿಸತಕ್ಕದ್ದು. ಆ ತಂತಿಯು ಒಂದು ಕವಚದೊಳಗೆ ಓಡುವುದು. ಕವಚವು ಎಲ್ಲಿಯಾದರೂ ಒಡೆದು ಕೆಸರುನೀರು ಒಳಹೊಕ್ಕರೆ ತಂತಿಯು ತುಕ್ಕು ಹಿಡಿದು ಉಬ್ಬುವುದು. ಎಳೆದಾಗ ಬರುವುದು, ಬಿಟ್ಟಾಗ ಹಿಂದಿರುಗದು. ಒಳಗೆ ಹಿಡಿಯು ಪೂರ್ತಿ ಇಳಿದಿರುವುದರಿಂದ ಚಾಲಕನು ಬ್ರೇಕು ಬಿಟ್ಟಿತೆಂದೇ ತಿಳಿಯುವನು. ಒಬ್ಬನು ಹಿಡಿಯನ್ನು ಎಳೆದು ಬಿಡುತ್ತಿರುವಾಗ ಇನ್ನೊಬ್ಬನು ಗಾಲಿಯ ಬಳಿಯಲ್ಲಿ ತಂತಿಯು ಹಿಂದಿರುಗುವುದೋ ಇಲ್ಲವೋ ನೋಡಿದರೆ ಸಂಶಯವು ಪರಿಹಾರವಾಗುವುದು. ಇಂತಹ ತಂತಿಗೆ ಎಣ್ಣೆ ಬಿಟ್ಟು ಒಂದು ವಾರ ಸಮಾಧಾನ ಪಡೆಯುವುದಕ್ಕಿಂತ ಹೊಸದನ್ನು ಹಾಕಿಸುವುದೇ ಲೇಸು.

ಮುಂದಿನ ಒಂದೇ ಗಾಲಿಯು ಹಿಡಿದಿದ್ದರೆ ಮೂರು ಕಾರಣಗಳಿರಬಹುದು: ಕ್ಯಾಲಿಪರಿನ ಪಿಸ್ಟನ್ನು ತುಕ್ಕಿನಿಂದ ಸಿಕ್ಕಿಕೊಂಡಿರುವುದು, ಕ್ಯಾಲಿಪರು ಜಾರಬೇಕಾದ ಪಿನ್ನುಗಳು ಗ್ರೀಸಿಲ್ಲದೆ ಒಣಗಿರುವುದು, ಅಥವಾ ರಬ್ಬರಿನ ಹೋಸ್ ಪೈಪು ಒಳಗೇ ಕೆಟ್ಟಿರುವುದು. ಈ ಮೂರನೆಯದು ವಿಚಿತ್ರವಾದ ರೋಗ. ಪೈಪಿನ ಹೊರಮೈ ಚೆನ್ನಾಗಿ ಕಾಣುವುದು. ಒಳಪದರವು ಮಾತ್ರ ಉಬ್ಬಿ ಅಥವಾ ಸಿಗಿದು, ಬಾವಿಯ ಪಂಪಿನ ಫುಟ್ ವಾಲ್ವಿನಂತೆ ದ್ರವವನ್ನು ಒಂದೇ ದಿಕ್ಕಿಗೆ ಬಿಡುವುದು. ಕಾಲಿನ ಬಲಕ್ಕೆ ದ್ರವವು ಒಳಗೆ ಹೋಗುವುದು, ರಬ್ಬರಿನ ಬಳೆಯ ಅಲ್ಪ ಬಲಕ್ಕೆ ಹಿಂದೆ ಬಾರದು. ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ದ್ರವವು ನಿಧಾನವಾಗಿ ಸೋರಿ ಗಾಲಿಯು ಸಡಿಲವಾಗುವುದುಂಟು. ಆದುದರಿಂದಲೇ ಕಾರ್ಖಾನೆಗೆ ಕೊಂಡುಹೋದಾಗ ದೋಷವು ಕಾಣದೆ, ಮಿಸ್ತ್ರಿಯು ಏನೂ ಇಲ್ಲವೆಂದು ಕಳುಹಿಸುವನು.

ಇವನ್ನು ಬೇರ್ಪಡಿಸಲು ಒಂದು ಸರಳವಾದ ಪರೀಕ್ಷೆಯುಂಟು. ಗಾಲಿಯು ಬಿಗಿಯಾಗಿರುವಾಗಲೇ ಎತ್ತಿ, ಕ್ಯಾಲಿಪರಿನ ಮೇಲಿರುವ ಬ್ಲೀಡರ್ ನಿಪ್ಪಲಿಗೆ ಸಣ್ಣ ಕೊಳವೆಯನ್ನು ಸಿಕ್ಕಿಸಿ, ಅದನ್ನು ಅರ್ಧ ಸುತ್ತು ಸಡಿಲಿಸಬೇಕು. ದ್ರವವು ಚಿಮ್ಮಿ, ಗಾಲಿಯು ಕೂಡಲೆ ಸಡಿಲವಾದರೆ ಒಳಗೆ ಒತ್ತಡವು ಸೆರೆಯಾಗಿದ್ದಿತೆಂದು ಅರ್ಥ, ಕ್ಯಾಲಿಪರು ನಿರಪರಾಧಿ. ದ್ರವವು ಬಂದರೂ ಗಾಲಿಯು ಬಿಗಿಯಾಗಿಯೇ ಉಳಿದರೆ ಪಿಸ್ಟನ್ನು ಅಥವಾ ಪಿನ್ನುಗಳು ಸಿಕ್ಕಿಕೊಂಡಿವೆ. ಮೊದಲನೆಯ ಸಂದರ್ಭದಲ್ಲಿ ನಿಪ್ಪಲನ್ನು ಮುಚ್ಚಿ, ಪುನಃ ಬ್ರೇಕು ಹಿಡಿಯುವಂತೆ ಮಾಡಿ, ಈ ಸಲ ಉಕ್ಕಿನ ಕೊಳವೆಯು ಹೋಸ್ ಪೈಪಿಗೆ ಸೇರುವ ಕೀಲನ್ನು ಸಡಿಲಿಸಬೇಕು. ಇಲ್ಲಿ ಗಾಲಿಯು ಬಿಟ್ಟರೆ ದೋಷವು ಇನ್ನೂ ಮೇಲೆ, ಮಾಸ್ಟರ್ ಸಿಲಿಂಡರಿನ ಕಡೆಯಲ್ಲಿದೆ. ಬಿಡದಿದ್ದರೆ ಹೋಸ್ ಪೈಪೇ ಅಪರಾಧಿ. ಪರೀಕ್ಷೆಯಾದಮೇಲೆ ಗಾಳಿಯನ್ನು ಹೊರಗೆಡಹಿ ದ್ರವವನ್ನು ತುಂಬಿಸದೆ ಗಾಡಿಯನ್ನು ನಡೆಸಕೂಡದು; ಆದಕಾರಣ ಈ ಕೆಲಸವನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು. ಆದರೆ ಮಾಡಬೇಕೆಂದು ಕೇಳುವಷ್ಟು ತಿಳಿವಳಿಕೆಯು ಗಾಡಿಯ ಒಡೆಯನಿಗೆ ಇರಬೇಕು.

ನಾಲ್ಕು ಗಾಲಿಗಳೂ ಹಿಡಿದಿದ್ದರೆ ಗಾಲಿಗಳನ್ನು ಬಿಚ್ಚುವುದು ವ್ಯರ್ಥ. ಮುಂದಿನ ಒಂದು ಗಾಲಿಯೂ ಅದಕ್ಕೆ ಮೂಲೆಗೆ ಮೂಲೆಯಾದ ಹಿಂದಿನ ಗಾಲಿಯೂ ಹಿಡಿದಿದ್ದರೆ ಅದೇ ತರ್ಕವು ಅನ್ವಯಿಸುವುದು, ಏಕೆಂದರೆ ಅನೇಕ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿನ ಎರಡು ಕೋಣೆಗಳಿಂದ ಕೊಳವೆಗಳು ಹೀಗೆ ಓರೆಯಾಗಿ ಹೊರಡುವುವು. ಮೊದಲು ಪೆಡಲು ಪೂರ್ತಿ ಮೇಲಕ್ಕೆ ಬರುವುದೋ ನೋಡಬೇಕು. ಕೆಳಗೆ ಹಾಸಿದ ಚಾಪೆಯು ಸಿಕ್ಕಿ ಪೆಡಲನ್ನು ತಡೆದಿರುವುದೂ ಉಂಟು. ಹಿಂದೆ ಒಬ್ಬನನ್ನು ನಿಲ್ಲಿಸಿ, ಕಾಲು ತೆಗೆದಾಗ ಕೆಂಪು ದೀಪಗಳು ಆರುವುವೋ ಎಂದು ಕೇಳುವುದು ಕಾಸಿಲ್ಲದ ಪರೀಕ್ಷೆ. ಪೆಡಲಿಗೆ ಆರಂಭದಲ್ಲಿ ಸ್ವಲ್ಪ ಬಿಡುವಿರಬೇಕು. ಅದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಸದಾ ಸ್ವಲ್ಪ ಮುಂದಕ್ಕೇ ನಿಂತು, ಮೊದಲು ಹೇಳಿದ ಕಿರಿದಾದ ರಂಧ್ರವನ್ನು ಮುಚ್ಚಿಬಿಡುವುದು. ಹೊರಟಾಗ ಏನೂ ತೋರದು. ಓಡಿದಂತೆಲ್ಲಾ ದ್ರವವು ಕಾದು ಹಿಗ್ಗಿ, ಹೋಗಲು ದಾರಿಯಿಲ್ಲದೆ ಬ್ರೇಕುಗಳನ್ನು ಇನ್ನಷ್ಟು ಒತ್ತುವುದು. ಒತ್ತಿದಷ್ಟೂ ಕಾವು, ಕಾದಷ್ಟೂ ಒತ್ತಡ. ಓಡಿದಷ್ಟೂ ಹೆಚ್ಚು ಹಿಡಿಯುವ ಗಾಡಿಯ ರಹಸ್ಯವಿದು. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದಿರುವ ನಟ್ಟುಗಳನ್ನು ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆದಾಗ ಗಾಲಿಗಳು ಬಿಟ್ಟರೆ ದೋಷವು ಒತ್ತುವ ಕಡ್ಡಿಯ ಅಳತೆಯಲ್ಲಿ ಅಥವಾ ಪೆಡಲಿನಲ್ಲಿದೆ. ಬಿಡದಿದ್ದರೆ ಸಿಲಿಂಡರಿನೊಳಗಿನ ರಬ್ಬರು ಉಬ್ಬಿದೆ.

ರಬ್ಬರು ಉಬ್ಬುವುದೇಕೆ? ಈ ಪ್ರಶ್ನೆಯು ರೈತರಿಗೆ ವಿಶೇಷವಾಗಿ ಸಂಬಂಧಿಸಿದುದು. ಬ್ರೇಕಿನ ದ್ರವಕ್ಕೆ ನಮ್ಮ ಜನರು 'ಬ್ರೇಕ್ ಆಯಿಲ್' ಎಂದು ಹೆಸರಿಟ್ಟಿದ್ದಾರೆ, ಆ ಹೆಸರೇ ಅನರ್ಥಕ್ಕೆ ಮೂಲವಾಗಿದೆ. ಮೊದಮೊದಲು ಹರಳೆಣ್ಣೆಯನ್ನು ಮದ್ಯಸಾರದೊಡನೆ ಬೆರಸಿ ಈ ದ್ರವವನ್ನು ಮಾಡುತ್ತಿದ್ದುದು ನಿಜ. ಆಗ ಅದು ಎಣ್ಣೆಯೆಂಬ ಹೆಸರಿಗೆ ಸ್ವಲ್ಪ ಅರ್ಹವಾಗಿದ್ದಿತು. ಈಗ ಸಾಮಾನ್ಯವಾಗಿ ದೊರೆಯುವ ಡಾಟ್ ೩, ಡಾಟ್ ೪ ಎಂಬವು ಗ್ಲೈಕಾಲ್ ಜಾತಿಯ ದ್ರವಗಳು, ಎಣ್ಣೆಗಳೇ ಅಲ್ಲ. ಟ್ರ್ಯಾಕ್ಟರಿರುವ ಮನೆಯ ಕೊಟ್ಟಿಗೆಯಲ್ಲಿ ಗೇರಿನ ಎಣ್ಣೆಯ ಡಬ್ಬವೂ ಇರುವುದು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳುಳ್ಳ ಟ್ರ್ಯಾಕ್ಟರಿಗೆ ಆ ಎಣ್ಣೆಯೇ ಯೋಗ್ಯವಾದುದರಿಂದ, ಕಾರಿನ ಡಬ್ಬಿಯು ಬರಿದಾದ ದಿನ ಯಾರೋ ಅದನ್ನೇ ಅಷ್ಟು ಸುರಿಯುವರು. ಭೂಮಿಯಿಂದ ತೆಗೆದ ಎಣ್ಣೆಯು ತಾಕಿದ ಕೂಡಲೆ ಕಾರಿನ ಬ್ರೇಕಿನ ರಬ್ಬರು ಉಬ್ಬತೊಡಗುವುದು. ಆಮೇಲೆ ತೊಳೆದರೆ ಸಾಲದು. ರಬ್ಬರಿನ ಭಾಗಗಳೆಲ್ಲವನ್ನೂ ಬದಲಾಯಿಸಬೇಕಾಗುವುದು. ಸಂಶಯವಿದ್ದರೆ ಡಬ್ಬಿಯಿಂದ ಕೆಲವು ತೊಟ್ಟುಗಳನ್ನು ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಬೇಕು. ಗ್ಲೈಕಾಲ್ ದ್ರವವು ನೀರಿನಲ್ಲಿ ಬೆರೆಯುವುದು. ಎಣ್ಣೆಯು ಮೇಲೆ ತೇಲುವುದು.

ನೀರಿನಲ್ಲಿ ಬೆರೆಯುವ ಈ ಗುಣವೇ ಅದರ ದೋಷವೂ ಆಗಿದೆ. ಅದು ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತಿರುವುದು. ಡಾಟ್ ೩ ದ್ರವವು ಹೊಸದಾಗಿರುವಾಗ ಕಡಮೆಯೆಂದರೆ ೨೦೫ ಸೆಂಟಿಗ್ರೇಡ್ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ, ನೂರಕ್ಕೆ ೩.೭ ಭಾಗದಷ್ಟು ನೀರು ಸೇರಿದಮೇಲೆ ಅದೇ ನಿಯಮವು ೧೪೦ ಡಿಗ್ರಿಗೆ ಇಳಿಯುವುದು. ಡಾಟ್ ೪ರ ಅಂಕಿಗಳು ೨೩೦ ಮತ್ತು ೧೫೫. ಕಚ್ಚಿಕೊಂಡ ಬ್ರೇಕಿನ ಕಾವಿಗೆ ಹಳೆಯ ದ್ರವವು ಕುದಿದು ಆವಿಯಾದರೆ, ಪೆಡಲಿನ ಕೆಳಗೆ ಒತ್ತಲು ದ್ರವವಿಲ್ಲದೆ ಆವಿಯೇ ಇರುವುದು. ಆವಿಯು ಕುಗ್ಗುವುದೇ ಹೊರತು ಗಾಲಿಯನ್ನು ಹಿಡಿಯದು. ಪೆಡಲು ನೆಲಕ್ಕೆ ಹೋಗುವುದು. ಬಿಡದ ಬ್ರೇಕು ಹಿಡಿಯದ ಬ್ರೇಕಾಗುವ ಇನ್ನೊಂದು ಮಾರ್ಗವಿದು, ಮತ್ತು ಇದು ಘಟ್ಟದ ನಡುವೆಯೇ ಆಗುವುದು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸುವುದಕ್ಕೆ ಆಗುವ ವೆಚ್ಚವು ಹೆಚ್ಚಿನದಲ್ಲ.

ಬ್ರೇಕಿನದೆಂದು ತೋರಿ ಬ್ರೇಕಿನದಲ್ಲದ ದೋಷಗಳೂ ಕೆಲವುಂಟು. ಗಾಳಿ ಇಳಿದ ಟೈರು, ಕೆಟ್ಟ ಬೇರಿಂಗು, ಜಾರುವ ಕ್ಲಚ್ಚು ಇವು ಗಾಡಿಯನ್ನು ಭಾರವಾಗಿಸುವುವು. ಹೊಸ ಕಾರುಗಳಲ್ಲಿ ಕೆಲವು, ಏರಿನಲ್ಲಿ ಕಾಲನ್ನು ತೆಗೆದಮೇಲೂ ಒಂದೆರಡು ಸೆಕೆಂಡುಗಳ ಕಾಲ ಬ್ರೇಕನ್ನು ತಾವೇ ಹಿಡಿದಿಟ್ಟು ಅನಂತರ ಬಿಡುವಂತೆ ರಚಿಸಲ್ಪಟ್ಟಿವೆ. ಇದು ಹಿಂದಕ್ಕೆ ಉರುಳದಿರಲೆಂಬ ಉಪಾಯವೇ ಹೊರತು ದೋಷವಲ್ಲ. ಇದನ್ನು ಅರಿಯದೆ ದುರಸ್ತಿಗೆ ಹಣ ಕೊಟ್ಟವರಿದ್ದರೆ ಆಶ್ಚರ್ಯವಿಲ್ಲ. ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಒತ್ತಿ ಹಿಡಿಯುವ ಕೊಕ್ಕೆಯನ್ನು ಬಿಡಿಸಲು ಮರೆಯುವುದು ಉಂಟು. ಎರಡು ಪೆಡಲುಗಳಲ್ಲಿ ಒಂದರ ಬಿಡುವು ಕಡಿಮೆಯಾಗಿದ್ದರೆ ಒಂದೇ ಗಾಲಿಯು ಹಿಡಿದು ಗಾಡಿಯು ಪಕ್ಕಕ್ಕೆ ಎಳೆಯುವುದು.

ದುರಸ್ತಿಯ ವಿಷಯದಲ್ಲಿ ಎರಡು ಮಾತು. ಲೈನರು, ಹೋಸ್ ಪೈಪು ಮೊದಲಾದವನ್ನು ಎಡಕ್ಕೆ ಹಾಕಿಸಿದರೆ ಬಲಕ್ಕೂ ಹಾಕಿಸತಕ್ಕದ್ದು. ಇಲ್ಲದಿದ್ದರೆ ಹಿಡಿತವು ಸಮವಾಗದು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಕೂಡದು, ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿದ್ದಿತು, ಅದರ ಧೂಳು ಶ್ವಾಸಕೋಶಗಳಿಗೆ ಮಾರಕವಾದುದು.

ಗಾಡಿಯು ದುರಸ್ತಿಯಾಗಿ ಬಂದ ದಿನ, ಹೊರೆಯನ್ನು ಹೇರದೆ, ಮೊದಲಿನಂತೆಯೇ ಮೂರು ನಾಲ್ಕು ಮೈಲಿ ಓಡಿಸಿ, ಸಮನೆಲದಲ್ಲಿ ತಾನಾಗಿ ನಿಲ್ಲಲು ಬಿಟ್ಟು, ನಾಲ್ಕು ಗಾಲಿಗಳಿಗೂ ಅಂಗೈಯನ್ನು ಹಿಡಿದು ನೋಡಬೇಕು. ಎಡ ಬಲಗಳ ಕಾವು ಸಮನಾಗಿದ್ದು, ಗೇರನ್ನು ತೆಗೆದು ಇಬ್ಬರು ತಳ್ಳಿದಾಗ ಗಾಡಿಯು ತಡೆಯಿಲ್ಲದೆ ಉರುಳಿದರೆ, ಮಾರನೆಯ ದಿನ ಕೋಲಾರದ ಟೊಮೆಟೊ ಮಂಡಿಗಾಗಲಿ ಘಟ್ಟದ ಕೆಳಕ್ಕಾಗಲಿ ಹೊರೆ ಹೇರಬಹುದು.